ದೀಪ ಆರಿಸುವ ಆರಾಧನೆ

ದೇವರ ಮುಂದೆ ದೀಪ ಹಚ್ಚುವುದು ಎಲ್ಲ ಕಡೆಯೂ ಇರುವ ಪದ್ಧತಿ. ಹಚ್ಚಿದ ದೀಪಗಳನ್ನು ಒಂದೊಂದಾಗಿ ಆರಿಸುತ್ತ ಹೋಗುವ ಆರಾಧನೆಯೊಂದು ಕ್ರೈಸ್ತರಲ್ಲಿದೆ. ಅದರ ಲ್ಯಾಟಿನ್ ಹೆಸರು 'ಟೆನೆಬ್ರೇ'. ಹಾಗೆಂದರೆ ಕತ್ತಲೆ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ಕೊನೆಯ ಮೂರು ದಿನಗಳಿಗೆ ಸೇರಿದ ಪ್ರಾರ್ಥನೆ ಇದು. ರಾತ್ರಿ ಮತ್ತು ನಸುಕಿನಲ್ಲಿ ಹೇಳಬೇಕಾದ ಇದನ್ನು ಕ್ರಮೇಣ ಹಿಂದಿನ ಸಂಜೆಯೇ ನಡೆಸುವುದು ವಾಡಿಕೆಯಾಯಿತು.

ಬಲಿಪೀಠದ ಬಳಿ ತ್ರಿಕೋನಾಕಾರದ ಕಂಬದಲ್ಲಿ 15 ಮೇಣದ ಬತ್ತಿಗಳು ಉರಿಯುತ್ತಿರುತ್ತವೆ. ಒಂದು ಕೀರ್ತನೆ ಮುಗಿದಂತೆ ಒಂದು ಬತ್ತಿ ಆರುತ್ತದೆ. 14 ಆರಿದ ಮೇಲೆ ಉಳಿದ ಒಂದನ್ನು ಆರಿಸದೆ ಬಲಿಪೀಠದ ಹಿಂದೆ ಮರೆಮಾಡುತ್ತಾರೆ. ಆ ಕತ್ತಲಲ್ಲಿ ಪುಸ್ತಕಗಳಿಂದ ಬೆಂಚು ಬಡಿದು ಸದ್ದು ಮಾಡುತ್ತಾರೆ. ಕ್ರಿಸ್ತನ ಮರಣದ ವೇಳೆ ಭೂಮಿ ನಡುಗಿದ್ದರ ಸಂಕೇತ ಅದು. ಬಳಿಕ ಮರೆಮಾಡಿದ ದೀಪ ಮರಳಿ ಬರುತ್ತದೆ. ಜನ ಮಾತಿಲ್ಲದೆ ಎದ್ದು ಹೋಗುತ್ತಾರೆ.

ಇಲ್ಲಿ ಹಾಡುವ ಮುಖ್ಯ ಪಠ್ಯ ಬೈಬಲಿನ 'ಪ್ರಲಾಪಗಳು'. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನ ಸೈನ್ಯ ಯೆರೂಸಲೇಮನ್ನು ನಾಶಮಾಡಿದಾಗಿನ ಗೋಳು ಅದು. ಐದು ಶೋಕಗೀತೆಗಳಲ್ಲಿ ಮೊದಲ ನಾಲ್ಕು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿ ಸಾಗುತ್ತವೆ. ಲ್ಯಾಟಿನ್‌ನಲ್ಲಿ ಹಾಡುವಾಗಲೂ 'ಆಲೆಫ್', 'ಬೇತ್' ಎಂಬ ಆ ಅಕ್ಷರಗಳ ಹೆಸರನ್ನು ಬಿಡದೆ ರಾಗವಾಗಿ ಹಾಡುತ್ತಾರೆ. ಅಳುವಿಗೂ ಒಂದು ಕ್ರಮ ಬೇಕು, ಮೊದಲು-ಕೊನೆ ಬೇಕು ಎಂಬ ತಿಳಿವಳಿಕೆ ಇದರಲ್ಲಿದೆ.

ಇದೇ ಗ್ರಂಥವನ್ನು ಯೆಹೂದ್ಯರು ತಮ್ಮ ದೇವಾಲಯ ನಾಶವಾದ ದಿನದ ನೆನಪಿಗೆ ನೆಲದ ಮೇಲೆ ಕುಳಿತು ಓದುತ್ತಾರೆ. ಒಂದೇ ಶೋಕಗೀತೆ ಇಬ್ಬರದಾಗಿದ್ದರೂ ಮಧ್ಯಯುಗದ ಯುರೋಪಿನಲ್ಲಿ ಪವಿತ್ರ ವಾರ ಯೆಹೂದ್ಯರಿಗೆ ಭಯದ ವಾರವಾಗಿತ್ತು. ಕ್ರಿಸ್ತನ ಸಾವಿನ ದುಃಖ ಅನೇಕ ಕಡೆ ಅವರ ಮೇಲಿನ ದ್ವೇಷಕ್ಕೆ ತಿರುಗಿತ್ತು. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಅವರನ್ನು ಹಳಿಯುತ್ತಿದ್ದ ಪದವನ್ನು ಪೋಪ್ 23ನೆಯ ಜಾನ್ ತೆಗೆಸಿದ್ದು 1959ರಲ್ಲಿ. ಶೋಕವು ತನ್ನೊಳಗೆ ನೋಡಿಕೊಳ್ಳುವುದನ್ನು ಬಿಟ್ಟು ಅಪರಾಧಿಯನ್ನು ಹುಡುಕಹೊರಟರೆ ಏನಾಗುತ್ತದೆ ಎಂಬುದಕ್ಕೆ ಈ ಚರಿತ್ರೆಯೇ ಸಾಕ್ಷಿ.

1955ರಲ್ಲಿ ಪೋಪ್ 12ನೆಯ ಪಯಸ್ ಪವಿತ್ರ ವಾರದ ವಿಧಿಗಳನ್ನು ಪರಿಷ್ಕರಿಸಿದರು. ಈ ಪ್ರಾರ್ಥನೆ ಬೆಳಗಿನ ಹೊತ್ತಿಗೆ ಸರಿಯಿತು. ಹಗಲಿನಲ್ಲಿ ಬತ್ತಿ ಆರಿಸಿದರೆ ಕತ್ತಲೆ ಕವಿಯುವುದುಂಟೆ? ಬಹುತೇಕ ಚರ್ಚುಗಳಲ್ಲಿ ಅದು ನಿಂತೇಹೋಯಿತು. ಆದರೂ ಕೆಲವು ಕ್ಯಾಥೊಲಿಕ್, ಆಂಗ್ಲಿಕನ್ ಮತ್ತು ಪ್ರಾಟೆಸ್ಟಂಟ್ ಸಭೆಗಳು ಅದನ್ನು ಸಂಜೆಯ ಆರಾಧನೆಯಾಗಿ ಇಂದಿಗೂ ನಡೆಸುತ್ತವೆ.

ಏಕೆ? ಹಾಡು, ಚಪ್ಪಾಳೆ, ಸಂಭ್ರಮಗಳೇ ಆರಾಧನೆಯಾದರೆ, ಆ ವರ್ಷ ಮಗುವನ್ನು ಕಳೆದುಕೊಂಡ ತಾಯಿ ಎಲ್ಲಿ ಕುಳಿತುಕೊಳ್ಳಬೇಕು? ನಗುವವರ ನಡುವೆ ಆಕೆ ಒಂಟಿ. ಟೆನೆಬ್ರೇಯಲ್ಲಿ ಇಡೀ ಸಭೆಯೇ ಆಕೆಯೊಡನೆ ಕತ್ತಲಲ್ಲಿ ಕೂರುತ್ತದೆ. 'ಎಲ್ಲ ಸರಿಹೋಗುತ್ತದೆ' ಎಂದು ಯಾರೂ ಅವಸರದ ಸಮಾಧಾನ ಹೇಳುವುದಿಲ್ಲ. ಹದಿನೈದನೆಯ ದೀಪ ಮರಳಿ ಬರುವುದು ನಿಜ. ಆದರೆ ಕತ್ತಲೆ ಪೂರ್ತಿ ಕವಿದ ಮೇಲೆಯೇ ಹೊರತು ಅದಕ್ಕೆ ಮುಂಚೆ ಅಲ್ಲ.