ಅಚ್ಚು ಉಳಿಯಬೇಕಾದರೆ ಓರೆ ಬೇಕು

ಪ್ಲಾಸ್ಟಿಕ್ ಬಕೆಟ್ಟು ಬುಡದಲ್ಲಿ ಕಿರಿದು, ಬಾಯಿಯಲ್ಲಿ ಅಗಲ. ಒಂದರೊಳಗೊಂದು ಪೇರಿಸಲು ಅನುಕೂಲ ಎಂಬುದೇನೋ ನಿಜ. ಆದರೆ ಗೋಡೆ ನೆಟ್ಟಗಿದ್ದರೆ ಅದು ಅಚ್ಚು ಬಿಟ್ಟು ಬರುವುದೇ ಕಷ್ಟ. ಕಾರ್ಖಾನೆಗಳಲ್ಲಿ ಈ ಓರೆಗೆ ಡ್ರಾಫ್ಟ್ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವ ಕ್ಯಾಡ್ ತಂತ್ರಾಂಶದಲ್ಲಿ ಒಂದು ಗುಂಡಿ ಒತ್ತಿದರೆ ಓರೆ ಸಾಲದ ಮೈಗಳು ಬೇರೆ ಬಣ್ಣದಲ್ಲಿ ಕಾಣುವುದರಿಂದ, ಇದು ಕಂಪ್ಯೂಟರ್ ಕಲಿಸಿದ ಶಿಸ್ತು ಎಂದುಕೊಳ್ಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಚ್ಚನ್ನು ಉಳಿಸಿಕೊಳ್ಳಲು ತೆರುವ ಬೆಲೆಯೇ ಡ್ರಾಫ್ಟ್. ಆ ಬೆಲೆಯನ್ನು ಯಾರು, ಯಾವಾಗ ಲೆಕ್ಕ ಹಾಕಬೇಕು ಎಂಬುದಷ್ಟೇ ಕಂಪ್ಯೂಟರಿನಿಂದ ಬದಲಾಯಿತು.

ಬೆಲೆ ತೆರದ ಪದ್ಧತಿಯೂ ನಮ್ಮಲ್ಲಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ ಲೋಹದ ವಿಗ್ರಹ ಎರೆಯುವ ಕ್ರಮವನ್ನು ವಿವರಿಸುತ್ತದೆ. ಮೊದಲು ಮೇಣದ ಮೂರ್ತಿ, ಅದರ ಮೇಲೆ ಮಣ್ಣಿನ ಲೇಪ. ಕಾಯಿಸಿ ಮೇಣ ಹರಿಸಿ, ಖಾಲಿಯಾದ ಜಾಗಕ್ಕೆ ಕರಗಿದ ಲೋಹ ಹೊಯ್ಯುವುದು. ಆರಿದ ಮೇಲೆ ಮಣ್ಣು ಒಡೆಯುವುದು. ಹೇಗಿದ್ದರೂ ಒಡೆಯುವ ಅಚ್ಚಿಗೆ ಓರೆ ಯಾಕೆ? ಬೆರಳ ಸಂದು, ಹಾರದ ಹಿಂಬದಿ ಎಲ್ಲವೂ ಸಲೀಸಾಗಿ ಮೂಡುತ್ತವೆ. ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿ ಈ ಸ್ವಾತಂತ್ರ್ಯವಿಲ್ಲ. ಎರಡು ಹೋಳಿನ ಮರದ ಅಚ್ಚನ್ನು ನೀರಲ್ಲಿ ನೆನೆಸಿ, ಬಿಗಿದು ಕಟ್ಟಿ, ಪಾಕ ಹೊಯ್ದು, ಗಟ್ಟಿಯಾದ ಮೇಲೆ ಬಿಡಿಸುತ್ತಾರೆ. ಮುಂದಿನ ವರ್ಷಕ್ಕೂ ಅದೇ ಮರ ಬೇಕು. ಹಾಗಾಗಿ ಗಿಳಿಯಾಗಲಿ ಆನೆಯಾಗಲಿ, ಎರಡು ಬದಿಗೆ ಉಬ್ಬಿರುತ್ತದೆಯೇ ಹೊರತು ಎಲ್ಲೂ ಒಳಗೆ ಕೊಕ್ಕೆಯಾಗಿ ಸಿಕ್ಕಿಕೊಳ್ಳುವುದಿಲ್ಲ.

ಮರಳಿನ ಎರಕದಲ್ಲೂ ಅಚ್ಚು ಪ್ರತಿ ಸಲ ಒಡೆಯುತ್ತದಲ್ಲ, ಅಲ್ಲೇಕೆ ಡ್ರಾಫ್ಟ್ ಎಂದು ಕೇಳಬಹುದು. ಅಲ್ಲಿ ಉಳಿಯಬೇಕಾದದ್ದು ಮರದ ಪ್ಯಾಟರ್ನ್, ಅಂದರೆ ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ. ಮರಳು ತುಂಬಿ ಗಟ್ಟಿಸಿ, ಪ್ಯಾಟರ್ನನ್ನು ಮೆಲ್ಲಗೆ ತಟ್ಟಿ ಸಡಿಲಿಸಿ ಎತ್ತುವಾಗ ಗೋಡೆ ನೆಟ್ಟಗಿದ್ದರೆ ಮರಳಿನ ಅಂಚು ಕುಸಿಯುತ್ತದೆ. ಬೀಡುಕಬ್ಬಿಣ ತಣಿದು ಕುಗ್ಗುವುದಕ್ಕೆಂದು ಶೇ. 1ರಷ್ಟು ಹಿಗ್ಗಿಸಿದ ಅಳತೆಪಟ್ಟಿ ಹಿಡಿದು ಕೆಲಸ ಮಾಡುತ್ತಿದ್ದ ಪ್ಯಾಟರ್ನ್ ಬಡಗಿ, ನಕ್ಷೆಯಲ್ಲಿ ಬರೆಯದಿದ್ದರೂ ಓರೆಯನ್ನು ತಾನೇ ಕೊಡುತ್ತಿದ್ದ. ಇನ್ನು ಪ್ಲಾಸ್ಟಿಕ್ಕಿನ ಕಡೆಗೆ ಬಂದರೆ, 1872ರಲ್ಲಿ ಅಮೆರಿಕದ ಹಯಾಟ್ ಸೋದರರು ಸೆಲ್ಯುಲಾಯ್ಡ್ ಅಚ್ಚೊತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಮುಂದೆ ಆ ದಾರಿ ಉಕ್ಕಿನ ಅಚ್ಚಿಗೆ, ಅಂದರೆ ಡೈಗೆ ಬಂದು ಮುಟ್ಟಿದಾಗ ಬೆಲೆ ಏರಿತು. ದುಬಾರಿ ಡೈಯನ್ನು ಒಡೆಯುವ ಮಾತೇ ಇಲ್ಲ. ಪ್ಲಾಸ್ಟಿಕ್ಕೋ ತಣಿಯುತ್ತಾ, ವಸ್ತುವಿನ ಟೊಳ್ಳನ್ನು ಮೂಡಿಸುವ ಒಳಗಿನ ಕೋರನ್ನು ಬಿಗಿಯಾಗಿ ಅಪ್ಪುತ್ತದೆ. 100 ಮಿ.ಮೀ. ಆಳದ ಗೋಡೆಗೆ 1 ಡಿಗ್ರಿ ಓರೆ ಕೊಟ್ಟರೆ ತುದಿ ಸುಮಾರು 1.75 ಮಿ.ಮೀ. ಸರಿಯುತ್ತದೆ. ಎರಡು ಭಾಗಗಳು ಒಂದಕ್ಕೊಂದು ಕೂರಬೇಕಾದ ಕಡೆ ಇದನ್ನು ಕೊನೆಗಳಿಗೆಯಲ್ಲಿ ಸೇರಿಸಿದರೆ ವಿನ್ಯಾಸವೇ ಕೆಡುತ್ತದೆ. ಬಡಗಿಯ ಕೈಲಿದ್ದ ತೀರ್ಮಾನ ವಿನ್ಯಾಸಕಾರನ ಮೇಜಿಗೆ ಬಂದದ್ದು ಈ ಒತ್ತಡದಿಂದ.

ಆ ಮೇಜಿನ ಕಂಪ್ಯೂಟರಿಗೂ ಈ ಲೆಕ್ಕ ಮೊದಲಿನಿಂದ ಬರುತ್ತಿರಲಿಲ್ಲ. 1963ರಲ್ಲಿ ಐವನ್ ಸದರ್‌ಲ್ಯಾಂಡ್ ತೋರಿಸಿದ, ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಬರೆಯುವ ಸ್ಕೆಚ್‌ಪ್ಯಾಡ್ ಗೆರೆಗಳ ಲೋಕ. ಡ್ರಾಫ್ಟ್ ತಪಾಸಣೆಗೆ ವಸ್ತುವಿನ ಮೈ ಯಾವ ಕಡೆಗೆ ಮುಖ ಮಾಡಿದೆ ಎಂಬುದು ತಿಳಿಯಬೇಕು. ಆ ಬಗೆಯ ಘನ ಮಾದರಿಯನ್ನು, 1995ರಲ್ಲಿ ವಿಂಡೋಸ್‌ಗೆಂದೇ ಬಂದ ಸಾಲಿಡ್‌ವರ್ಕ್ಸ್ ಸಾಮಾನ್ಯ ಕಂಪ್ಯೂಟರಿಗೆ ತಂದಿತು. ಅಚ್ಚು ತೆರೆಯುವ ದಿಕ್ಕು ಮತ್ತು ಬೇಕಾದ ಡಿಗ್ರಿ ಕೊಟ್ಟರೆ, ಸಾಕಷ್ಟು ಓರೆಯಿರುವ ಮೈ ಹಸಿರು, ಎದುರು ಓರೆಯದು ಕೆಂಪು, ಸಾಲದ್ದು ಹಳದಿ. ಬಡಗಿಯ ಅಂದಾಜಿಗಿಂತ ಇದು ಕರಾರುವಾಕ್ಕು ಎಂಬ ವಾದವನ್ನು ಒಪ್ಪೋಣ. ಆದರೆ ದಿಕ್ಕೇ ತಪ್ಪಿದರೆ ಬಣ್ಣವೆಲ್ಲ ತಪ್ಪು. 1 ಡಿಗ್ರಿಗೆ ಹಸಿರಾದ ಮೈಗೆ ಆಮೇಲೆ ಚರ್ಮದಂಥ ಟೆಕ್ಸ್ಚರ್ ಕೊಟ್ಟರೆ ಅಚ್ಚಿನಿಂದ ಬರುವಾಗ ಗೀರು ಬೀಳುತ್ತದೆ. ಟೆಕ್ಸ್ಚರಿನ ಪ್ರತಿ 0.025 ಮಿ.ಮೀ. ಆಳಕ್ಕೆ 1ರಿಂದ 1.5 ಡಿಗ್ರಿ ಹೆಚ್ಚು ಬೇಕೆಂಬುದು ಡೈ ತಯಾರಿಸುವ ಟೂಲ್ ರೂಮಿನ ರೂಢಿಯ ಲೆಕ್ಕ. ತಂತ್ರಾಂಶ ಕೋನ ಅಳೆಯುತ್ತದೆ, ಎಷ್ಟು ಕೋನ ಸಾಕೆಂಬುದನ್ನು ಅದಕ್ಕೆ ನಾವೇ ಹೇಳಬೇಕು.

ತ್ರೀಡಿ ಪ್ರಿಂಟಿಂಗ್ ಬಂದ ಮೇಲೆ ಡ್ರಾಫ್ಟಿನ ಕಾಲ ಮುಗಿಯಿತು ಎನ್ನುವವರು ಗೊತ್ತಿಲ್ಲದೆ ನನ್ನ ವಾದವನ್ನೇ ಗಟ್ಟಿಮಾಡುತ್ತಾರೆ. ಅಲ್ಲಿ ಅಚ್ಚೇ ಇಲ್ಲ, ಹಾಗಾಗಿ ಓರೆಯ ಗೊಡವೆಯೂ ಇಲ್ಲ. ಅದೇ ಮಾದರಿ ಮೆಚ್ಚುಗೆಯಾಗಿ, ಲಕ್ಷಗಟ್ಟಲೆ ತಯಾರಿಸೋಣ ಎಂದು ಡೈ ಮಾಡಿಸಲು ಕೊಟ್ಟರೆ, ಟೂಲ್ ರೂಮಿನವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಡ್ರಾಫ್ಟ್ ಎಷ್ಟು ಎಂಬುದು ಇದ್ದೇ ಇರುತ್ತದೆ.