ಬೆರಳ ತುದಿಯಿಂದ ಬಿಜಾಪುರದವರೆಗೆ

ಮಣ್ಣಾಗಿ ಹೋದ ಮೂಳೆಗಳು ಮತ್ತೆ ಒಂದುಗೂಡುವುದುಂಟೇ ಎಂದು ಮಕ್ಕಾದ ಸತ್ಯನಿಷೇಧಿಗಳು ಗೇಲಿ ಮಾಡುತ್ತಿದ್ದರು. ಪವಿತ್ರ ಕುರ್‌ಆನಿನ 75ನೇ ಅಧ್ಯಾಯವು ಈ ಸಂದೇಹಕ್ಕೆ ಉತ್ತರಿಸುತ್ತಾ, ಮನುಷ್ಯನ ಬೆರಳ ತುದಿಗಳನ್ನೂ ಸರಿಯಾಗಿ ರೂಪಿಸಲು ಅಲ್ಲಾಹನು ಶಕ್ತನೆಂದು ಸಾರುತ್ತದೆ. ಇಷ್ಟೊಂದು ಅಂಗಗಳಿರುವಾಗ ಬೆರಳ ತುದಿಯನ್ನೇ ಹೆಸರಿಸಿರುವುದು ನಮ್ಮನ್ನು ಚಿಂತನೆಗೆ ಹಚ್ಚಬೇಕು.

ತೋಳಿನಲ್ಲಿ 1 ಮೂಳೆ, ಮುಂಗೈಯಲ್ಲಿ 2, ಮಣಿಕಟ್ಟಿನಲ್ಲಿ 8, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಹೀಗೆ ಒಂದು ಕೈಗೆ 30 ಮೂಳೆಗಳು. ಹೆಗಲ ಕೀಲು ಎಲ್ಲ ದಿಕ್ಕಿಗೂ ತಿರುಗುತ್ತದೆ. ಮೊಣಕೈ ಬಾಗಿಲಿನಂತೆ ತೆರೆದು ಮುಚ್ಚುತ್ತದೆ. ಹೆಬ್ಬೆರಳಿನ ಬುಡದ ಕೀಲು ಕುದುರೆಯ ಬೆನ್ನಿನ ಜೀನಿನಂತಿದೆ. ಆದುದರಿಂದಲೇ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳಿಗೆ ಎದುರಾಗಿ ನಿಲ್ಲಬಲ್ಲದು. ಲೇಖನಿಯೂ ಕುಡುಗೋಲೂ ನಮ್ಮ ಹಿಡಿತಕ್ಕೆ ಬರುತ್ತವೆ.

ಇಬ್ನ್ ಸೀನಾ (980–1037) ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಈ ಮೂಳೆಗಳನ್ನು ಒಂದೊಂದಾಗಿ ವಿವರಿಸಿದ್ದಾರೆ. ಗ್ರೀಕ್ ವೈದ್ಯ ಜಾಲೀನೂಸನನ್ನು ಅನುಸರಿಸಿ ಅವರು ಅಂಗೈಗೆ 4 ಮೂಳೆಗಳನ್ನೂ ಹೆಬ್ಬೆರಳು ಸೇರಿದಂತೆ ಪ್ರತಿ ಬೆರಳಿಗೆ 3 ಮೂಳೆಗಳನ್ನೂ ಎಣಿಸಿದರು. ಇಂದಿನ ವೈದ್ಯರು ಹೆಬ್ಬೆರಳಿನ ಬುಡದ ಮೂಳೆಯನ್ನು ಅಂಗೈಯ ಲೆಕ್ಕಕ್ಕೆ ಸೇರಿಸುತ್ತಾರೆ. ವಿಂಗಡಣೆ ಬದಲಾಯಿತೇ ಹೊರತು, ಒಟ್ಟು ಮೊತ್ತ ಅಂದಿನಂತೆ ಇಂದೂ ಅಷ್ಟೇ ಇದೆ. ಹದಿನಾಲ್ಕನೆಯ ಶತಮಾನದಲ್ಲಿ ಮನ್ಸೂರ್ ಇಬ್ನ್ ಇಲ್ಯಾಸ್ ಪರ್ಶಿಯನ್ ಭಾಷೆಯಲ್ಲಿ ಅಂಗರಚನೆಯ ಸಚಿತ್ರ ಗ್ರಂಥವನ್ನು ರಚಿಸಿ, ಈ ವಿದ್ಯೆಯನ್ನು ಕಣ್ಣಿಗೆ ಕಾಣುವಂತೆ ಮಾಡಿದರು.

ಯೂನಾನಿ ಎಂದು ಹೆಸರಾದ ಈ ವೈದ್ಯ ಪರಂಪರೆ ದಖನ್ನಿಗೂ ಹರಿದು ಬಂತು. 1589ರಲ್ಲಿ ಬಿಜಾಪುರಕ್ಕೆ ಬಂದು ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯ ಪಡೆದ ಮುಹಮ್ಮದ್ ಕಾಸಿಂ ಫರಿಶ್ತಾರನ್ನು ನಾವು ಇತಿಹಾಸಕಾರರೆಂದಷ್ಟೇ ಬಲ್ಲೆವು. ಆದರೆ ಅವರು ಭಾರತದ ವೈದ್ಯರ ಜ್ಞಾನವನ್ನು ಸಂಗ್ರಹಿಸಿ ಪರ್ಶಿಯನ್‌ನಲ್ಲಿ ಒಂದು ವೈದ್ಯಗ್ರಂಥವನ್ನೂ ಬರೆದರು. ಗ್ರೀಕನಿಂದ ಇಬ್ನ್ ಸೀನಾ ಕಲಿತಂತೆ, ಈ ನೆಲದ ವೈದ್ಯರಿಂದ ಫರಿಶ್ತಾ ಕಲಿತರು. ವಿದ್ಯೆ ಯಾರ ಬಳಿಯಿದ್ದರೂ ಅದನ್ನು ಪಡೆಯಲು ಅವರು ಸಂಕೋಚಪಡಲಿಲ್ಲ.

ಆ ಪರಂಪರೆ ಬತ್ತಿಲ್ಲ. ಇಂದು ವಿಜಯಪುರದ ಲುಕ್ಮಾನ್ ಯೂನಾನಿ ಕಾಲೇಜಿನಲ್ಲಿಯೂ 1984ರಲ್ಲಿ ಆರಂಭಗೊಂಡ ಅಲ್ ಅಮೀನ್ ವೈದ್ಯಕೀಯ ಕಾಲೇಜಿನಲ್ಲಿಯೂ ವಿದ್ಯಾರ್ಥಿಗಳು ಇದೇ ಮೂಳೆಗಳನ್ನು ಓದುತ್ತಾರೆ. ಹೀಗಿದ್ದೂ ದೀನಿನ ವಿದ್ಯೆ ಬೇರೆ, ದೇಹದ ವಿದ್ಯೆ ಬೇರೆ ಎಂದು ಭಾವಿಸಿ ಮಕ್ಕಳನ್ನು, ವಿಶೇಷವಾಗಿ ಹೆಣ್ಣುಮಕ್ಕಳನ್ನು, ಅರ್ಧದಲ್ಲೇ ಓದು ಬಿಡಿಸುವವರು ನಮ್ಮಲ್ಲಿದ್ದಾರೆ. ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿ ತೋಟಗಳಲ್ಲಿ ದಿನವಿಡೀ ಕತ್ತರಿ ಹಿಡಿದು ದುಡಿಯುವ ತಾಯಂದಿರ ನೋಯುವ ಮಣಿಕಟ್ಟನ್ನು ಪರೀಕ್ಷಿಸಲು ಅವರದೇ ಮಗಳೊಬ್ಬಳು ವೈದ್ಯೆಯಾಗಿ ಬಂದರೆ ಅದು ದೀನಿನ ಸೇವೆಯಲ್ಲವೇ?

ಮನುಷ್ಯನ ದೇಹದಲ್ಲಿ 360 ಕೀಲುಗಳಿವೆಯೆಂದೂ ಪ್ರತಿಯೊಂದು ಕೀಲಿಗೂ ದಿನವೂ ದಾನ ಸಲ್ಲಬೇಕೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ದಾರಿಯ ಕಲ್ಲು, ಮುಳ್ಳು, ಎಲುಬನ್ನು ಸರಿಸುವುದೂ ಆ ದಾನವೇ ಆಗಿದೆ. ಅಂತಿಮ ದಿನದಂದು ಬಾಯಿಗೆ ಮುದ್ರೆ ಬಿದ್ದು ಕೈಗಳು ಮಾತನಾಡುವುವೆಂದು ಸೂರಃ ಯಾಸೀನ್ ಎಚ್ಚರಿಸುತ್ತದೆ. ನಮ್ಮ ಮಕ್ಕಳ ಕೈಯಿಂದ ನಾವು ಪುಸ್ತಕ ಕಿತ್ತುಕೊಂಡಿದ್ದರೆ, ಅಂದು ನಮ್ಮ ಕೈಗಳು ಏನೆಂದು ಸಾಕ್ಷಿ ನುಡಿಯಬಹುದು?