ಹಲಗೆ, ದಾರ, ಕ್ಷಿತಿಜ: ಅರಬ್ಬೀ ಸಮುದ್ರದ ‘ಕಮಲ್’ ಉಪಕರಣ

1497ರ ನವೆಂಬರಿನಲ್ಲಿ ವಾಸ್ಕೊ ಡ ಗಾಮನ ಹಡಗುಗಳು ದಕ್ಷಿಣ ಆಫ್ರಿಕಾದ ಸೇಂಟ್ ಹೆಲೆನಾ ಕೊಲ್ಲಿಯಲ್ಲಿ ಲಂಗರು ಹಾಕಿದವು. ಸೂರ್ಯನ ಎತ್ತರ ಅಳೆಯಲು ಮರದ ದೊಡ್ಡ ಆಸ್ಟ್ರೋಲೇಬನ್ನು ಅಲ್ಲಿ ದಡಕ್ಕಿಳಿಸಿದರೆಂದು ಪೋರ್ಚುಗೀಸ್ ಚರಿತ್ರೆಕಾರ ಬಾರೋಸ್ ಬರೆದಿದ್ದಾನೆ. ತೂಗುಬಿಟ್ಟು ನೋಡುವ ಉಪಕರಣ ಅದು. ಹಡಗು ಹೊಯ್ದಾಡಿದರೆ ಅದೂ ಹೊಯ್ದಾಡುತ್ತದೆ. ಅದೇ ಕಾಲದಲ್ಲಿ ಅರಬ್ಬೀ ಸಮುದ್ರದ ಮುಅಲ್ಲಿಮರು, ಅಂದರೆ ದಾರಿ ಬಲ್ಲ ನಾವಿಕರು, ಬಳಸುತ್ತಿದ್ದ ಕಮಲ್‌ಗೆ ಈ ತೊಡಕಿರಲಿಲ್ಲ. ಹಲವರು ಇದನ್ನು ‘ಪ್ರಾಥಮಿಕ’ ಸಾಧನವೆಂದು ಬದಿಗಿಟ್ಟಿದ್ದಾರೆ. ಉಪಕರಣವನ್ನು ಅದು ಓಡಾಡಿದ ಕಡಲಿನಿಂದ ಬೇರ್ಪಡಿಸಿ ನೋಡಿದ್ದರ ಫಲ ಇದೆಂದು ನನ್ನ ವಾದ.

ಕಮಲ್ ಎಂದರೆ ಆಯತಾಕಾರದ ಒಂದು ಚಿಕ್ಕ ಹಲಗೆ, ಅದರ ನಡುವಿನಿಂದ ಹೊರಟ ಗಂಟು ಹಾಕಿದ ದಾರ. ಗಂಟನ್ನು ಹಲ್ಲಿನಲ್ಲಿ ಕಚ್ಚಿ, ದಾರ ಬಿಗಿಯಾಗುವಷ್ಟು ಹಲಗೆಯನ್ನು ಮುಂದೆ ಹಿಡಿಯಬೇಕು. ಕೆಳಗಿನ ಅಂಚು ಕ್ಷಿತಿಜಕ್ಕೂ ಮೇಲಿನ ಅಂಚು ಧ್ರುವ ನಕ್ಷತ್ರಕ್ಕೂ ತಾಗಿದರೆ ಆ ಗಂಟೇ ನಕ್ಷತ್ರದ ಎತ್ತರದ, ಅಂದರೆ ಸುಮಾರಾಗಿ ಅಕ್ಷಾಂಶದ, ಅಳತೆ. ಇಲ್ಲಿ ಆಧಾರರೇಖೆ ಕ್ಷಿತಿಜ, ಹಡಗು ಎಷ್ಟು ಕುಣಿದರೂ ಕುಣಿಯದ ಗೆರೆ. ಆದರೆ ನಕ್ಷತ್ರ, ಕ್ಷಿತಿಜ ಎರಡೂ ಒಟ್ಟಿಗೆ ಕಾಣಬೇಕು. ಹಾಗಾಗಿ ಮುಸ್ಸಂಜೆ, ನಸುಕು, ಬೆಳದಿಂಗಳುಗಳೇ ಅಳತೆಯ ಹೊತ್ತು.

ಮಾನ ‘ಇಸ್ಬಾ’, ಬೆರಳು. ವೃತ್ತಕ್ಕೆ 224 ಇಸ್ಬಾ ಎಂಬ ಲೆಕ್ಕದಲ್ಲಿ ಒಂದು ಇಸ್ಬಾ ಸುಮಾರು 1 ಡಿಗ್ರಿ 36 ನಿಮಿಷ. 70 ಸೆಂ.ಮೀ. ದೂರ ಚಾಚಿದ 2 ಸೆಂ.ಮೀ. ಅಗಲದ ಬೆರಳು ಕಣ್ಣಿಗೆ ಮರೆಮಾಡುವುದೂ ಹೆಚ್ಚುಕಡಿಮೆ ಅಷ್ಟನ್ನೇ. ಇಸ್ಬಾದ ಎಂಟನೆಯ ಒಂದು ಭಾಗ ‘ಜಾಮ್’, ಮೂರು ಗಂಟೆಯ ಪಯಣ. ನೇರ ಉತ್ತರಕ್ಕೆ ಲೆಕ್ಕ ಹಾಕಿದರೆ ಜಾಮ್‌ಗೆ ಸುಮಾರು 22 ಕಿ.ಮೀ., ಗಂಟೆಗೆ ಏಳು ಕಿ.ಮೀ. ಚಿಲ್ಲರೆ. ಹಾಯಿಹಡಗಿಗೆ ಒಪ್ಪುವ ವೇಗವೇ.

ನಿಜವಾದ ಕಷ್ಟ ನಕ್ಷತ್ರದಲ್ಲಿತ್ತು. 15ನೆಯ ಶತಮಾನದ ಕೊನೆಗೆ ಧ್ರುವ ನಕ್ಷತ್ರ ಆಕಾಶಧ್ರುವದಿಂದ ಸುಮಾರು ಮೂರೂವರೆ ಡಿಗ್ರಿ ದೂರವಿತ್ತು. ದಿನವೊಂದರ ಸುತ್ತಿನಲ್ಲಿ ಅದರ ಎತ್ತರ ಏಳು ಡಿಗ್ರಿ ಏರಿಳಿಯುತ್ತಿತ್ತು. ಕಲ್ಲಿಕೋಟೆಗೂ ಗೋವೆಗೂ ಅಕ್ಷಾಂಶದ ಅಂತರ ನಾಲ್ಕೂಕಾಲು ಡಿಗ್ರಿ ಮಾತ್ರ. ತಿದ್ದುಪಡಿ ಇಲ್ಲದಿದ್ದರೆ ಒಂದನ್ನು ಇನ್ನೊಂದೆಂದು ಭ್ರಮಿಸುವುದು ಖಂಡಿತ. ಯಾವ ಚಾಂದ್ರ ನಕ್ಷತ್ರ ನೆತ್ತಿಯ ರೇಖೆ ದಾಟುತ್ತಿದೆ ಎಂಬುದನ್ನು ನೋಡಿ ‘ಬಾಶಿ’ ಎಂಬ ಮೊತ್ತವನ್ನು ಕೂಡಿಸುವ ಪದ್ಧತಿ ಅರಬ್ ನಾವಿಕ ಇಬ್ನ್ ಮಾಜಿದ್ ಸುಮಾರು 1490ರಲ್ಲಿ ಬರೆದ ‘ಕಿತಾಬ್ ಅಲ್-ಫವಾಇದ್’ನಲ್ಲಿದೆ. ಉಪಕರಣ ಸರಳ, ಗಣಿತ ಸರಳವಲ್ಲ. ಆ ಗಣಿತ ಹಲಗೆಯ ಮೇಲಲ್ಲ, ನಾವಿಕನ ನೆನಪಿನಲ್ಲಿತ್ತು. 1836ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಜೇಮ್ಸ್ ಪ್ರಿನ್ಸೆಪ್ ಕಮಲ್ ಬಗ್ಗೆ ಬರೆದದ್ದು ಗ್ರಂಥಗಳನ್ನಷ್ಟೇ ನೆಚ್ಚಿ ಅಲ್ಲ, ನಾವಿಕರನ್ನೇ ಕೇಳಿ ಎಂಬುದು ಗಮನಾರ್ಹ. ಕೋರಮಂಡಲ ಕರಾವಳಿಯಲ್ಲಿ ಗಂಟುಗಳು ಇಸ್ಬಾಗಳನ್ನಲ್ಲ, ನೇರವಾಗಿ ಬಂದರುಗಳನ್ನೇ ಸೂಚಿಸುತ್ತಿದ್ದವು.

ಪಶ್ಚಿಮ ಕರಾವಳಿ ಉತ್ತರ-ದಕ್ಷಿಣವಾಗಿ ಚಾಚಿದೆ. ಆದ್ದರಿಂದ ನಡುಗಡಲಲ್ಲೇ ಬೇಕಾದ ಅಕ್ಷಾಂಶ ಹಿಡಿದು ಪೂರ್ವಕ್ಕೆ ತಿರುಗಿದರೆ ಸಾಕು, ರೇಖಾಂಶದ ಗೊಡವೆಯೇ ಇಲ್ಲ. ಆದರೂ ಮಂಗಳೂರಿಗೂ ಹೊನ್ನಾವರಕ್ಕೂ ಅಂತರ ಒಂದು ಇಸ್ಬಾಗಿಂತ ಕಡಿಮೆ. ಹೊನ್ನಾವರ, ಭಟ್ಕಳಗಳ ನಡುವೆ ಕಾಲು ಇಸ್ಬಾ ಕೂಡ ಇಲ್ಲ. ಅಷ್ಟು ಸೂಕ್ಷ್ಮಕ್ಕೆ ಹಲಗೆ ಒದಗದು. ಅಲ್ಲಿಂದ ಮುಂದೆ ನೀರಿನ ಬಣ್ಣ, ಹಕ್ಕಿಗಳು, ಕಡಲಿಗೆ ಕಾಣುವ ಕುದುರೆಮುಖದಂಥ ಶಿಖರಗಳು, ದಡ ಹತ್ತಿರವಾದಾಗ ತೇಲುವ ಹಾವುಗಳು. ಈ ಹಾವುಗಳ ಗುರುತನ್ನು ಒಂದನೆಯ ಶತಮಾನದ ಗ್ರೀಕ್ ಕೃತಿ ‘ಪೆರಿಪ್ಲಸ್’ ಆಗಲೇ ದಾಖಲಿಸಿದೆ.